ಬಾಗಿಲಲ್ಲೇ ಬಿಸಾಡಿದ ನಾಡಿ

ಕಾಶಮ್ಮ ಸತ್ತ ದಿನ ಕಲಬುರಗಿಯ ಉಷ್ಣ ನಿಗಾ ಕೇಂದ್ರದ ಗೋಡೆ ಬೆಳಗಿನಿಂದ ಸಂಜೆಯವರೆಗೂ ಹಸಿರಾಗಿಯೇ ಇತ್ತು.

ಆ ಗೋಡೆಯ ಎದುರಿಗೇ ಮಹಾನಂದಾ ಕುಳಿತಿದ್ದಳು. ಕಾಶಮ್ಮ ಅವಳ ಅತ್ತಿಗೆ, ಅಣ್ಣ ಭೀಮಶಾನ ಹೆಂಡತಿ. ತಾಯಿಯಿಲ್ಲದ ಮಹಾನಂದಾಳ ತಲೆ ಬಾಚಿ, ರೊಟ್ಟಿ ಕಟ್ಟಿಕೊಟ್ಟು ಶಾಲೆಗೆ ಕಳಿಸಿದವಳು. ಊರಿನಿಂದ ಫೋನು ಬಂದಾಗ ಮಹಾನಂದಾ ಮೊದಲು ತಲೆಯೆತ್ತಿ ನೋಡಿದ್ದು ಆ ಗೋಡೆಯನ್ನೇ. ಅಷ್ಟಗಲ ಹರಡಿದ್ದ ಜಿಲ್ಲೆಯ ನಕ್ಷೆ, ಅದರ ಮೇಲೆ ಕಾಗಿಣಾ ನದಿಯ ಬಳುಕು ಗೆರೆ, ಗೆರೆಯ ಪಕ್ಕದಲ್ಲಿ ಅವಳ ಊರು ಬಂಡೆಹಾಳ. ಅಲ್ಲಿ ಅಪಾಯದ ಕೆಂಪು ಚುಕ್ಕೆ ಒಂದೂ ಇರಲಿಲ್ಲ. ಇಷ್ಟು ಹಸಿರಿನ ನಡುವೆ ಒಬ್ಬಳು ಬಿಸಿಲು ಬಡಿದು ಸಾಯುವುದೆಂದರೇನು?

ಆ ಹೊತ್ತಿಗೆ ಬೇಸಿಗೆಗಳು ಹಳೆಯ ಬೇಸಿಗೆಗಳಾಗಿ ಉಳಿದಿರಲಿಲ್ಲ. ಲಗ್ನಗಳು ಸೂರ್ಯ ಹುಟ್ಟುವ ಮೊದಲೇ ಮುಗಿಯುತ್ತಿದ್ದವು. ಶಾಲೆಯ ಗಂಟೆ ಕೋಳಿಯ ಜೊತೆ ಕೂಗುತ್ತಿತ್ತು. ಸಂತೆಗಳು ದೀಪದ ಬೆಳಕಿಗೆ ಸರಿದಿದ್ದವು. ಸರಿಯದೆ ಉಳಿದದ್ದು ಕಲ್ಲಿನ ಕೆಲಸ ಒಂದೇ. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ, ಹೊಳಪು ಕೊಡುವ ಯಂತ್ರಗಳೆಲ್ಲ ಬಿಸಿಲಿನ ವಿದ್ಯುತ್ತಿಗೆ ಬದಲಾಗಿದ್ದವು. ಬಿಸಿಲು ನೆತ್ತಿಗೇರಿದಾಗಲೇ ಯಂತ್ರಕ್ಕೆ ಪೂರ್ತಿ ಕಸುವು. ಹಾಗಾಗಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುವ ಹೊತ್ತಿನಲ್ಲಿ ಬಂಡೆಹಾಳದ ಗಂಡಸರು ಹೆಂಗಸರು ಯಂತ್ರದ ಮುಂದೆ ನಿಲ್ಲಬೇಕಿತ್ತು. ಯಂತ್ರದ ಅನುಕೂಲಕ್ಕೆ ಮನುಷ್ಯನ ಹೊತ್ತು!

ಇದಕ್ಕೆ ಪರಿಹಾರವೆಂದು ಬಂದದ್ದು ನಾಡಿಪಟ್ಟಿ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಬಳೆಯಂಥ ಸಾಧನ. ಮೈಯ ಕಾವು, ನಾಡಿಯ ಬಡಿತ, ಬೆವರಿನ ಉಪ್ಪು ಮೂರನ್ನೂ ಅಳೆದು ಗಳಿಗೆಗಳಿಗೆಗೂ ಕೇಂದ್ರಕ್ಕೆ ಕಳಿಸುವುದು ಅದರ ಕೆಲಸ. ಕೇಂದ್ರದಲ್ಲಿ ಸಾಲುಸಾಲು ಗಣಕಗಳು ಆ ಹರಿವನ್ನು ಹಂಚಿಕೊಂಡು ನೋಡುತ್ತಿದ್ದವು. ಇಂತಿಷ್ಟು ಜನರ ನಾಡಿ ಈ ಗಣಕಕ್ಕೆ, ಇಂತಿಷ್ಟು ಜನರದು ಆ ಗಣಕಕ್ಕೆ. ಒಂದು ಕೆಟ್ಟರೆ ಪಕ್ಕದ್ದು ಅದರ ಪಾಲನ್ನೂ ಎತ್ತಿಕೊಳ್ಳಬೇಕು. ಅದಕ್ಕಾಗಿ ಒಂದರ ನೆನಪಿನ ನಕಲು ಇನ್ನೊಂದರಲ್ಲಿ. ಯಾರದಾದರೂ ಮೈ ಅಪಾಯದ ಕಡೆ ವಾಲುತ್ತಿದೆ ಎಂದು ಕಂಡರೆ ಅವರ ಕೈಯ ಪಟ್ಟಿ ಗಂಟೆ ಬಾರಿಸುತ್ತಿತ್ತು, ಬಿಸಿಲು ಬಡಿದವರನ್ನು ಒಯ್ಯುವ ಹತ್ತಿರದ ತಂಪುಗಾಡಿ ಹೊರಡುತ್ತಿತ್ತು. ಹೊರೆಯನ್ನು ಗಣಕಗಳಿಗೆ ಹದವಾಗಿ ಹಂಚುವುದು ಮಹಾನಂದಾಳ ಹೊಣೆ. ಅದರಲ್ಲಿ ಅವಳಿಗೆ ಹೆಮ್ಮೆಯೂ ಇತ್ತು. ಕಾಶಮ್ಮನ ಕೈಗೆ ಮೊದಲ ಪಟ್ಟಿ ಕಟ್ಟಿದವಳೂ ಅವಳೇ.

ಮಣ್ಣಾದ ಮೇಲೆ ಎಲ್ಲರೂ ಮನೆಗೆ ಬಂದರು. ಭೀಮಶಾ ಗೋಡೆಗೆ ಒರಗಿ ಕುಳಿತಿದ್ದ. ಕೇಂದ್ರದ ವಿಚಾರಣೆಯ ವರದಿ ಫೋನಿಗೆ ಬಂದಿತ್ತು. ಮಹಾನಂದಾ ಅದನ್ನು ಓದಿ ಹೇಳಿದಳು: "ಸದರಿ ಮಹಿಳೆಯು ಘಟನೆಯ ವೇಳೆ ನಾಡಿಪಟ್ಟಿಯನ್ನು ಧರಿಸಿರಲಿಲ್ಲವೆಂದು ಕಂಡುಬರುತ್ತದೆ."

ಭೀಮಶಾ ತಲೆ ಎತ್ತಿದ. "ಇನ್ನೊಮ್ಮಿ ಹೇಳು."

ಅವಳು ಹೇಳಿದಳು.

"ಮೈ ತೊಳಿಲಕ್ಕ ಹೆಣ್ಮಕ್ಕಳು ಕುಂತಾಗ ಪಟ್ಟಿ ಬಿಚ್ಚಲಕ್ಕ ಬರಲಿಲ್ಲ ಮಹಾನಂದಾ. ಕೈ ಬಾತಿತ್ತು. ನನ್ನ ಕರದ್ರು. ನಾನೇ ಕತ್ತರಿ ಹಾಕಿ ಕತ್ತರಿಸೀನಿ. ಸತ್ತಾಕಿ ಮ್ಯಾಲ ಸುಳ್ಳ ಹೇಳ್ಲಕತ್ತಾರಲ್ಲ, ಇವರಿಗಿ ನಾಚಿಕಿ ಏನರೆ ಅದನಾ? ಆಕಿ ತನ್ನ ತಪ್ಪಿಗಿ ತಾನೇ ಸತ್ತಳು ಅಂತೇನು?"

ಕಾಶಮ್ಮ ಪಟ್ಟಿಯಿಲ್ಲದೆ ಮನೆಯ ಹೊಸ್ತಿಲು ದಾಟುವವಳಲ್ಲ ಎಂಬುದು ಮಹಾನಂದಾಳಿಗೂ ಗೊತ್ತಿತ್ತು. 'ನಮ್ಮ ಮಹಾನಂದಾ ಅಲ್ಲಿ ಕುಂತು ನನ್ನ ನೋಡ್ತಾಳ' ಎಂದು ಆಕೆ ಓಣಿಯವರಿಗೆಲ್ಲ ಪಟ್ಟಿ ತೋರಿಸಿ ಹೇಳಿಕೊಳ್ಳುತ್ತಿದ್ದಳು.

ಮರುದಿನ ಬಿಸಿಲು ಏರುವ ಹೊತ್ತಿಗೆ ಮಹಾನಂದಾ ತನ್ನ ಕೈಗೂ ಒಂದು ನಾಡಿಪಟ್ಟಿ ಕಟ್ಟಿಕೊಂಡು ಕಾಶಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಹೊಳಪು ಕೊಡುವ ಯಂತ್ರದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಮೇಸ್ತ್ರಿ ರುಕ್ಮಣ್ಣ ಬೇಡವೆಂದ. ಅವಳು ಕೇಳಲಿಲ್ಲ. ಕಿವಿಯಲ್ಲಿ ಫೋನು; ಆ ಕಡೆ ಕೇಂದ್ರದ ಗೋಡೆಯ ಮುಂದೆ ಅವಳ ಜೊತೆಗಾತಿ ಸಮೀನಾ.

"ಅಕ್ಕಾ, ಕಾಣ್ಲಕತ್ತೀರಿ. ಹಸಿರು ಅದೀರಿ," ಎಂದಳು ಸಮೀನಾ.

ಯಂತ್ರ ಶುರುವಾಯಿತು. ಹಿಡಿಕೆ ಗಡಗಡ ನಡುಗಿತು. ಆ ನಡುಕ ಮಣಿಕಟ್ಟಿಗೆ, ಮೊಣಕೈಗೆ, ಹಲ್ಲಿನ ಸಂದಿಗೆ ಹತ್ತಿತು. ಕಲ್ಲಿನ ಬಿಳಿ ಹುಡಿ ಎದ್ದು ಬೆವರಿಗೆ ಅಂಟಿ, ಪಟ್ಟಿಯ ಮೇಲೆ ಕೆಸರಿನ ಹಾಗೆ ಕೂತಿತು. ತಗಡಿನ ಸೂರಿನ ಕೆಳಗೆ ಗಾಳಿ ಕುದಿಯುತ್ತಿತ್ತು. ಅವಳ ಎದೆ ಹೊಡೆದುಕೊಳ್ಳತೊಡಗಿತು. ಕಣ್ಣು ಮಂಜಾದವು.

"ಅಕ್ಕಾ, ಎಲ್ಲಿ ಹೋದ್ರಿ? ಪಟ್ಟಿ ಬಿಚ್ಚಿದ್ರೇನು?"

"ಕೈಯಾಗೇ ಅದ."

"ಇಲ್ಲಿ ನಿಮ್ಮ ಚುಕ್ಕಿನೇ ಇಲ್ಲ. 'ಧರಿಸಿಲ್ಲ' ಅಂತ ತೋರಸ್ಲಕತ್ತದ."

ಪಕ್ಕದಲ್ಲೇ ನಿಂತಿದ್ದ ಭೀಮಶಾ ಯಂತ್ರ ಆರಿಸಿ ಅವಳನ್ನು ಹಿಡಿದುಕೊಂಡ. ಅವಳ ಕಾಲು ಸೋತಿದ್ದವು. ಮೈ ಕೆಂಡವಾಗಿತ್ತು. ಗಂಟೆ ಮಾತ್ರ ಬಾರಿಸಲಿಲ್ಲ.

ಕೇಂದ್ರದ ನಿರ್ದೇಶಕ ಅನಿರುದ್ಧ ನಾಡಗೌಡ ತನ್ನ ತಣ್ಣನೆಯ ಕೋಣೆಯಲ್ಲಿ ಅವಳ ಮಾತನ್ನು ಪೂರ್ತಿ ಕೇಳಿದ. ಕೆಟ್ಟ ಮನುಷ್ಯನಂತೆ ಕಾಣುವವನಲ್ಲ. ಮೆಲ್ಲಗೆ ಮಾತಾಡುತ್ತಿದ್ದ, ಎದುರಿಗಿದ್ದವರಿಗೆ ತಾನೇ ನೀರು ಬಗ್ಗಿಸಿ ಕೊಡುತ್ತಿದ್ದ.

"ನಾಡಿ ಗಣಕಕ್ಕ ಮುಟ್ಟೋಕಿಂತ ಮೊದಲು, ಬಾಗಿಲಿಗಿ ಒಂದು ಜರಡಿ ಇಟ್ಟೀವಿ ಮಹಾನಂದಾ," ಎಂದ. "ಹೊರೆ ಮಿತಿ ಮೀರಿದಾಗ ಅಷ್ಟೇ ಅದು ಕೆಲಸ ಮಾಡ್ತದ. ನಿಮಗೇ ಗೊತ್ತು, ಹರಿವು ಹೆಚ್ಚಾದಾಗ ಇರೋದು ಮೂರೇ ದಾರಿ. ಸರದಿಯಾಗ ನಿಲ್ಲಸಬೇಕು, ಕಳಿಸೋರಿಗಿ ನಿಧಾನ ಮಾಡ್ರಿ ಅನಬೇಕು, ಇಲ್ಲಾ ಸ್ವಲ್ಪ ಬಿಸಾಡಬೇಕು. ಸರದಿಯಾಗ ನಿಲ್ಲಸಿದ್ರ ಎಲ್ಲಾರ ಗಂಟಿನೂ ತಡ ಆಗ್ತದ. ತಡ ಆದ ಗಂಟಿ ಅಂದ್ರ ಸಾವಿನ ಮನಿಗಿ ಹೋಗಿ ಹುಷಾರು ಅಂದಂಗ."

"ಖರೇ. ಹಂಗಂತ ಯಾರನ್ನ ಬಿಸಾಡೀರಿ?"

"ಯಾರನ್ನೂ ಅಲ್ಲ. ಕೊಳಕು ಸಿಗ್ನಲ್ ಇದ್ದದ್ದನ್ನ. ಅರ್ಧಂಬರ್ಧ ಬರೋ ನಾಡಿ ನಂಬಿ ಸುಳ್ಳ ಗಂಟಿ ಹೊಡದ್ರ ನಾಳಿ ಜನ ಖರೇ ಗಂಟಿನೂ ನಂಬಾಂಗಿಲ್ಲ."

"ಕೊಳಕಲ್ರೀ ಸರ್ ಅದು. ಧೂಳು!" ಮಹಾನಂದಾಳ ದನಿ ಏರಿತು. "ಕಲ್ಲಿನ ಧೂಳು, ಇಟ್ಟಂಗಿ ಭಟ್ಟಿ ಬೂದಿ, ಯಂತ್ರದ ನಡುಕ. ಯಾರು ಬಿಸಲಾಗ ದುಡಿತಾರೋ ಅವರದೇ ಸಿಗ್ನಲ್ ಕೊಳಕಿರ್ತದ. ಏ.ಸಿ.ಯಾಗ ಕುಂತವರದು ಸ್ವಚ್ಛ ಇರ್ತದ. ಯಾರಿಗಿ ಗಂಟಿ ಬೇಕಿಲ್ಲೋ ಅವರನ್ನ ಒಳಗ ಬಿಟ್ಟು, ಬೇಕಾದವರನ್ನ ಬಾಗಲದಾಗೇ ತಳ್ಳೀರಿ. ಮ್ಯಾಲ 'ಧರಿಸಿಲ್ಲ' ಅಂತ ಹೆಸರಿಟ್ಟೀರಿ!"

"ಗೋಡಿ ಲೆಕ್ಕ ಒಳಗ ಬಂದ ನಾಡಿಗಿ ಮಾತ್ರ. ಒಳಗ ಬಂದದ್ದರಾಗ ನಾವು ಒಂದೂ ತಪ್ಪಿಸಿಲ್ಲ. ಅದಕ್ಕೇ ಹಸಿರು."

"ಹೊರಗಿದ್ದವರು ಲೆಕ್ಕದಾಗೇ ಇಲ್ಲ ಅಂದ್ರ ಗೋಡಿ ಯಾವಾಗ ಕೆಂಪಾಗ್ತದ್ರೀ ಸರ್?"

ನಾಡಗೌಡ ನೀರಿನ ಲೋಟವನ್ನು ಅವಳ ಕಡೆ ಸರಿಸಿದ. "ನಿಮ್ಮ ದುಃಖ ನನಗ ತಿಳಿತದ," ಎಂದ. "ಆದ್ರ ಇದನ್ನ ಹೊರಗ ಹೇಳಿದ್ರ ಏನಾಗ್ತದ? ಜನ ಪಟ್ಟಿ ಬಿಚ್ಚಿ ಒಗಿತಾರ. ಈ ಪಟ್ಟಿಯಿಂದ ಬದುಕಿದವರೂ ಅದಾರ. ಅವರನ್ನೂ ಕೊಲ್ತೀರೇನು?"

ಈ ಮಾತಿನಲ್ಲಿ ಒಂದು ಎಳೆ ಸತ್ಯವಿತ್ತು, ಅದೇ ಅವಳನ್ನು ಹೆಚ್ಚು ಕೆರಳಿಸಿತು. ಒಂದು ಎಳೆ ಸತ್ಯ ಹಿಡಿದು ಇಡೀ ಸುಳ್ಳನ್ನು ನೇಯಬಹುದಲ್ಲ! ಅವಳು ಎದ್ದು ಹೊರಗೆ ಬಂದಳು. ಅವನು ಬಗ್ಗಿಸಿಕೊಟ್ಟ ನೀರು ಹಾಗೇ ಉಳಿಯಿತು.

ಅಂದಿನಿಂದ ಅವಳು ಹೊರೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು. ಇಷ್ಟು ನಾಡಿ ಬರುತ್ತಿರುವುದಾದರೂ ಎಲ್ಲಿಂದ? ನೋಡಿದರೆ, ಕಲ್ಲುಗಣಿಯ ಪಟ್ಟಿಗಳು ಕಳಿಸುತ್ತಿದ್ದದ್ದು ಬಹಳ ಕಡಿಮೆ. ಹರಿವನ್ನು ತುಂಬಿಸುತ್ತಿದ್ದದ್ದು ಪಟ್ಟಣದ ದುಬಾರಿ ಪಟ್ಟಿಗಳು. ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸಲ ಮಿಡಿತ ಕಳಿಸುತ್ತಿದ್ದವು; ನಿದ್ದೆ ಎಷ್ಟು ಆಳ, ಊಟ ಎಷ್ಟು ಹಿತ, ವ್ಯಾಯಾಮದಲ್ಲಿ ಎದೆ ಎಷ್ಟು ಹಿಗ್ಗಿತು ಎಂಬ ಚಂದದ ಚಿತ್ರಗಳಿಗಾಗಿ. ಬಿಸಿಗಾಳಿ ಬೀಸಿದ ದಿನವಂತೂ ತಂಪು ಕೋಣೆಯಲ್ಲಿ ಕೂತವರೆಲ್ಲ ಗಾಬರಿಯಾಗಿ ಮನೆಮಂದಿಯ ಕಾವನ್ನು ಫೋನಿನಲ್ಲಿ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು. ಸುಖದಲ್ಲಿದ್ದವರ ಗಾಬರಿಯ ಭಾರಕ್ಕೆ ಗಣಕಗಳು ಬಗ್ಗುತ್ತಿದ್ದವು. ಬಾಗಿಲಲ್ಲಿ ಜರಡಿ ಅಲುಗಾಡಿ ಗಣಿಯವರನ್ನು ಉದುರಿಸುತ್ತಿತ್ತು.

ಮುಂದಿನ ಬಿಸಿಗಾಳಿ ಬಹಳ ತಡಮಾಡಲಿಲ್ಲ. ಒಂದು ಮಧ್ಯಾಹ್ನ ರಾಯಚೂರಿನ ಕಡೆಯಿಂದ ಭಟ್ಟಿಯ ಬಾಗಿಲು ತೆರೆದಂತೆ ಗಾಳಿ ನುಗ್ಗಿತು. ಕೇಂದ್ರದಲ್ಲಿ ಒಂದು ಗಣಕ ಉಸಿರುಗಟ್ಟಿ ನಿಂತಿತು. ಅದರ ಪಾಲು ಪಕ್ಕದ್ದಕ್ಕೆ ಬಿತ್ತು, ಅದೂ ತತ್ತರಿಸಿತು. ಮಹಾನಂದಾ ಹೊರೆಯನ್ನು ಚೂರುಚೂರು ಮಾಡಿ ಉಳಿದವಕ್ಕೆ ಹಂಚುತ್ತ ಹೋದಳು. ಸಾಲದಾಯಿತು. ಜರಡಿ ತೆರೆದುಕೊಂಡಿತು. ಗೋಡೆಯ ಮೇಲೆ ಬಂಡೆಹಾಳದ ಹಸಿರು ಚುಕ್ಕೆಗಳು ಒಂದೊಂದಾಗಿ ಮಾಯವಾದವು. ಗೋಡೆ ಮಾತ್ರ ಎಂದಿನಂತೆ ಹಸಿರು, ತಿಳಿ ಹಸಿರು, ನೆಮ್ಮದಿಯ ಹಸಿರು.

"ಸರ್, ಪಟ್ಟಣದ ಪಟ್ಟಿಗಳಿಗಿ ನಿಧಾನ ಮಾಡ್ರಿ ಅಂತ ಆದೇಶ ಕಳಸೋಣ," ಎಂದಳು ಮಹಾನಂದಾ. "ನಿಮಿಷಕ್ಕೊಮ್ಮೆ ಮಿಡಿತ ಬಂದ್ರ ಅವರಿಗೇನೂ ಆಗಾಂಗಿಲ್ಲ. ಜಾಗ ಆಗ್ತದ. ಜರಡಿನೇ ಬೇಕಾಗಾಂಗಿಲ್ಲ."

"ಅವರಿಗಿ ತಡೆಯಿಲ್ಲದ ಸೇವೆ ಕೊಡ್ತೀವಂತ ಮಾತು ಕೊಟ್ಟೀವಿ," ಎಂದ ಗೋಡೆಯ ಮುಂದೆ ಬಂದು ನಿಂತಿದ್ದ ನಾಡಗೌಡ.

"ಇವರಿಗಿ ಜೀವ ಉಳಸ್ತೀವಂತ ಮಾತು ಕೊಟ್ಟೀವಲ್ರೀ!"

ಅವನು ಫೋನೆತ್ತಿಕೊಂಡು ಬೆನ್ನು ತಿರುಗಿಸಿದ. ಹೊರೆ ಹಂಚುವ ಅಧಿಕಾರದ ಜೊತೆಗೇ ಪಟ್ಟಿಗಳ ವೇಗ ತಗ್ಗಿಸುವ ಕೀಲಿಯೂ ಮಹಾನಂದಾಳ ಬಳಿಯಿತ್ತು. ನಿರ್ದೇಶಕರ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವಂತಿರಲಿಲ್ಲ, ಅಷ್ಟೇ. ಅವಳು ಇಡೀ ಕೋಣೆಗೆ ಕೇಳುವಂತೆ ಹೇಳಿದಳು:

"ಸಮೀನಾ, ಎಲ್ಲಾರೂ ಕೇಳ್ರಿ. ಇದನ್ನ ನಾನು ಮಾಡ್ಲಕತ್ತೀನಿ. ನಾನೊಬ್ಬಾಕೇ."

ಆದೇಶ ಹೋಯಿತು. ಪಟ್ಟಣದ ಪಟ್ಟಿಗಳು ಉಸಿರು ಬಿಗಿಹಿಡಿದವು. ಬಾಗಿಲಿನ ನೂಕುನುಗ್ಗಲು ಸಡಿಲಾಯಿತು, ಜರಡಿ ತಾನಾಗಿ ಮುಚ್ಚಿಕೊಂಡಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಂಡೆಹಾಳದ ಮೇಲೆ ಒಂದು ಕೆಂಪು ಚುಕ್ಕೆ ಹೊತ್ತಿಕೊಂಡಿತು. ಅದರ ಪಕ್ಕ ಇನ್ನೊಂದು. ಚಿತ್ತಾಪುರದ ಕಡೆ ನಾಲ್ಕಾರು. ಸೇಡಂ ರಸ್ತೆಯ ಇಟ್ಟಿಗೆ ಭಟ್ಟಿಗಳ ಉದ್ದಕ್ಕೂ ಒಂದು ಸಾಲು. ನೋಡುನೋಡುತ್ತ ನದಿಯ ಎರಡೂ ದಂಡೆ ಕೆಂಡ ಚೆಲ್ಲಿದಂತಾದವು. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಇಷ್ಟು ದಿನ ತಾವು ಕಾವಲು ಕಾಯುತ್ತಿದ್ದ ಜಿಲ್ಲೆ ಇದೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಎಲ್ಲಾ ಸುಳ್ಳ ಗಂಟಿ! ಬಂದ್ ಮಾಡ್ರಿ!" ನಾಡಗೌಡ ಕೂಗಿದ.

ಸಮೀನಾ ಒಂದು ಕೆಂಪು ಚುಕ್ಕೆಯನ್ನು ಒತ್ತಿ ಕರೆ ಮಾಡಿದಳು. ಕೋಣೆಗೆಲ್ಲ ಕೇಳುವಂತೆ ದನಿ ಬಿಟ್ಟಳು. ಆ ಕಡೆ ಯಾರೋ ಹೆಂಗಸು, ಏದುಸಿರು.

"ಪಟ್ಟಿ ಯಾರದವ್ವಾ? ಹ್ಯಾಂಗದಾರ ಅವರು?" ಎಂದು ಕೇಳಿದಳು ಸಮೀನಾ.

"ನಮ್ಮ ಹಣಮವ್ವಂದು. ಭಟ್ಟಿ ಮುಂದ ಬಿದ್ದಾಳವ್ವಾ, ಮಾತಾಡವಲ್ಲಳು. ಪಟ್ಟಿ ಒಂದೇ ಸವನ ಒದರ್ಲಕತ್ತದ. ಏನ್ ಮಾಡ್ಲಿ, ಹೇಳ್ರೆವ್ವಾ!"

"ನೆರಳಿಗಿ ಎಳಕೋ. ಕುತಿಗಿಗಿ, ಬಗಲಿಗಿ ನೀರಾಗ ಹಿಂಡಿದ ಒದ್ದಿ ಅರಬಿ ಹಾಕು. ಗಾಡಿ ಹೊಂಟದ, ಬರ್ತದ."

ಆಮೇಲೆ ಯಾರೂ ನಾಡಗೌಡನ ಕಡೆ ನೋಡಲಿಲ್ಲ. ಒಬ್ಬೊಬ್ಬರೂ ಒಂದೊಂದು ಚುಕ್ಕೆ ಹಿಡಿದು ಕರೆ ಮಾಡುತ್ತ ಕೂತರು. ಕೆಲವು ಗಂಟೆಗಳು ಸುಳ್ಳೇ ಆಗಿದ್ದವು. ಒಬ್ಬ ಮುದುಕ ಚಹಾ ಕುಡಿಯುತ್ತ ಕೂತಿದ್ದ, ಬೈದು ಫೋನಿಟ್ಟ. ಹೆಚ್ಚಿನವು ಸುಳ್ಳಾಗಿರಲಿಲ್ಲ. ಹಣಮವ್ವ ಬದುಕಿದಳು. ಆ ಮಧ್ಯಾಹ್ನ ಇನ್ನೂ ಬಹಳ ಜನ ಬದುಕಿದರು.

ಪಟ್ಟಣದಿಂದಲೂ ಕರೆಗಳು ಬಂದವು. ಚಿತ್ರ ನಿಂತುಹೋಗಿದೆ, ನಿನ್ನೆಯ ನಿದ್ದೆಯ ಅಂಕ ಕಾಣುತ್ತಿಲ್ಲ ಎಂಬ ದೂರುಗಳು. ಸಂಜೆಯೊಳಗೆ ಮಹಾನಂದಾಳನ್ನು ಕೆಲಸದಿಂದ ಅಮಾನತು ಮಾಡಿದರು. ಕಾರಣ: ಸೇವೆಗೆ ಅಡ್ಡಿ. ಮರುದಿನ ಜರಡಿ ತನ್ನ ಜಾಗಕ್ಕೆ ಮರಳಿತು. ಗೋಡೆ ಮತ್ತೆ ಹಸಿರಾಯಿತು ಎಂದು ಸಮೀನಾ ಅಳುತ್ತ ಫೋನು ಮಾಡಿದಳು.

ಮಹಾನಂದಾ ಬಂಡೆಹಾಳಕ್ಕೆ ಬಂದಳು. ಭೀಮಶಾ ಅವಳ ಮುಖ ನೋಡಿ, ರೊಟ್ಟಿ ಬಡಿದು ತಟ್ಟೆ ಮುಂದಿಟ್ಟ. ಹೆಂಡತಿ ಹೋದ ಮೇಲೆ ಕಲಿತದ್ದು, ಅಂಚು ಸೀದಿತ್ತು.

"ಕೇಂದ್ರದ ದಾರಿ ಬ್ಯಾಡ ಅಣ್ಣಾ," ಎಂದಳು ಅವಳು ತಿನ್ನುತ್ತ. "ಇಲ್ಲಿಯ ನಾಡಿ ಇಲ್ಲೇ ನೋಡಬಹುದು. ಈ ಗಣಿ ಮಂದಿಗಿ ಒಂದು ಸಣ್ಣ ಗಣಕ ಸಾಕು. ಯಂತ್ರದ ನಡುಕ ಯಾವುದು, ಎದಿ ಬಡಿತ ಯಾವುದು ಅಂತ ಅದಕ್ಕ ಕಲಸ್ತೀನಿ. ನಡುಕ ಕಳದು ಬಿಟ್ರ ನಾಡಿ ಸ್ವಚ್ಛ ಆಗ್ತದ. ಯಾರ ಬಾಗಿಲಿಗೂ ಹೋಗಿ ನಿಂದ್ರೋದು ಬ್ಯಾಡ."

"ಗಂಟಿ ಬಾರಸ್ತದ, ಖರೇ," ಎಂದ ಭೀಮಶಾ. "ಬಾರಿಸಿದ ಮ್ಯಾಲ ರುಕ್ಮಣ್ಣ 'ಇನ್ನೊಂದು ಕಲ್ಲು ಮುಗಸು' ಅಂದ್ರ?"

ಇದು ಅವಳು ಕಲಿತ ಯಾವ ಶಾಸ್ತ್ರದಲ್ಲೂ ಇರದ ಪ್ರಶ್ನೆ. ಅವಳು ತಲೆ ತಗ್ಗಿಸಿದಳು. "ಅದು ನನ್ನ ಕೈಯಾಗಿಲ್ಲ."

"ನಮ್ಮ ಕೈಯಾಗ ಅದ," ಎಂದ ಅವನು.

ಮಹಾನಂದಾಳ ಸಣ್ಣ ಗಣಕ ಗಣಿಯ ನೀರಿನ ಮನೆಯಲ್ಲಿ ಕೂತಿತು. ಮೊದಮೊದಲು ಅದು ಹುಚ್ಚುಹುಚ್ಚಾಗಿ ಬಾರಿಸುತ್ತಿತ್ತು, ಹೆಂಗಸರು ನಗುತ್ತಿದ್ದರು. ಮಹಾನಂದಾ ಒಬ್ಬೊಬ್ಬರ ಪಕ್ಕ ನಿಂತು, ನಾಡಿ ಹಿಡಿದು, ಗಣಕವನ್ನು ತಿದ್ದಿದಳು. ಬರಬರುತ್ತ ನಗು ನಿಂತಿತು. ಒಂದು ದಿನ ಬಿಸಿಲು ನೆತ್ತಿಯ ಮೇಲಿದ್ದಾಗ ಕಲ್ಲು ಹೊರುವ ಈರಮ್ಮನ ಪಟ್ಟಿ ಬಾರಿಸಿತು. ಈರಮ್ಮ ನಿಂತಳು.

"ಏನಾಗಿಲ್ಲ, ಎತ್ತು ಎತ್ತು!" ಎಂದ ರುಕ್ಮಣ್ಣ.

ಭೀಮಶಾ ತನ್ನ ಯಂತ್ರ ಆರಿಸಿದ. ಅವನ ಪಕ್ಕದವನು ಆರಿಸಿದ. ಸೂರಿನ ಆ ತುದಿಯವರೆಗೂ ಒಂದರ ಹಿಂದೊಂದು ಯಂತ್ರ ನಿಂತು, ವರ್ಷಗಳಿಂದ ಕಿವಿಗೆ ಬೀಳದಿದ್ದ ನದಿಯ ಕಡೆಯ ಹಕ್ಕಿಯ ಕೂಗು ಕೇಳಿಸಿತು. ಎಲ್ಲರೂ ಈರಮ್ಮನನ್ನು ನೆರಳಿಗೆ ಕರೆದುಕೊಂಡು ಹೋಗಿ ತಾವೂ ಕೂತರು.

ಸಂಜೆ ಬಂದ ಗಣಿಯ ಮಾಲೀಕ ಕೂಗಾಡಿದ, ಬೇಡಿದ, ಕೊನೆಗೆ ಕೇಳಿದ: "ಏನ್ ಬೇಕು ನಿಮಗ?"

"ಗಂಟಿ ಬಾರಿಸಿದ್ರ ಕೆಲಸ ನಿಂದರಬೇಕು. ಬಿಸಲು ಇಳಿಯೋತನಕ ಯಂತ್ರ ಮುಟ್ಟಾಂಗಿಲ್ಲ," ಎಂದ ಭೀಮಶಾ. "ಮತ್ತ ಕೇಂದ್ರದವರು ನಮ್ಮಾಕಿ ಬಗ್ಗೆ ಬರದದ್ದು ತಿದ್ದಬೇಕು."

"ಕೇಂದ್ರ ನನ್ನ ಕೈಯಾಗಿಲ್ಲಪ್ಪ."

"ಯಾರ ಕೈಯಾಗ ಅದನೋ ಅವರನ್ನ ಇಲ್ಲಿಗಿ ಕರಸ್ರಿ. ಬಿಸಲಾಗ."

ಯಂತ್ರಗಳು ನಿಂತೇ ಇದ್ದವು. ಸುತ್ತಲಿನ ಗಣಿಗಳೂ ಒಂದೊಂದಾಗಿ ನಿಂತವು. ಸೇಡಂ ರಸ್ತೆಯ ಭಟ್ಟಿಗಳ ಹೊಗೆಯೂ ನಿಂತಿತು. ಹಣಮವ್ವ ಎತ್ತಿನ ಬಂಡಿಯಲ್ಲಿ ಕೂತು ಬಂಡೆಹಾಳಕ್ಕೆ ಬಂದಳು. ಕೇಂದ್ರದ ಕೋಣೆಯಲ್ಲಿ ಆ ದಿನ ಕೆಂಪು ಗೋಡೆ ಕಂಡವರು ತಾವು ಕಂಡದ್ದನ್ನು ಬಾಯಿಬಿಟ್ಟು ಹೇಳಿದರು. ಮೊದಲು ಹೇಳಿದವಳು ಸಮೀನಾ. ಮೇಲಿನಿಂದ ಆದೇಶ ಬಂತು. ಜರಡಿಯನ್ನು ಕಿತ್ತುಹಾಕಿದರು.

ಕೊನೆಗೆ ನಾಡಗೌಡ ಬಂದ. ಕಾರಿನಿಂದ ಇಳಿದು ಬಯಲಿನಲ್ಲಿ ನಿಂತ. ಬಿಳಿ ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು. ಕೈಯಲ್ಲಿ ತಿದ್ದಿದ ವರದಿ. ಸುತ್ತ ಕಲ್ಲಿನ ಹುಡಿ ಮೆತ್ತಿದ ಮುಖಗಳು. ಅವನು ಮೆಲ್ಲಗೆ ಓದಿದ: "ಸದರಿ ಮಹಿಳೆಯು ಘಟನೆಯ ವೇಳೆ ನಾಡಿಪಟ್ಟಿಯನ್ನು ಧರಿಸಿದ್ದರು. ಅವರ ನಾಡಿಯನ್ನು ಕೇಂದ್ರವು ಸ್ವೀಕರಿಸದೆ ಕೈಬಿಟ್ಟಿತ್ತು."

"ಕೇಳಿಸಲಿಲ್ಲ," ಎಂದಳು ಹಿಂದಿನಿಂದ ಒಬ್ಬಳು.

ಅವನು ದನಿ ಏರಿಸಿ ಮತ್ತೆ ಓದಿದ.

ಮಹಾನಂದಾ ಅಣ್ಣನ ಪಕ್ಕದಿಂದ ಎರಡು ಹೆಜ್ಜೆ ಮುಂದೆ ಬಂದಳು.

"ಸದರಿ ಮಹಿಳೆ ಅನಬ್ಯಾಡ್ರಿ ಸರ್. ಆಕಿಗೊಂದು ಹೆಸರದ. ಹೆಸರು ಹಿಡದು ಓದ್ರಿ."

ನಾಡಗೌಡ ಹಾಳೆಯನ್ನು ನೋಡಿದ. ಅದರಲ್ಲಿ ಹೆಸರು ಇರಲಿಲ್ಲ. ಅವನು ತಲೆಯೆತ್ತಿ ಸುತ್ತ ನೋಡಿದ, ಬೆವರು ಒರೆಸಿಕೊಂಡ. ಯಾರೂ ಹೇಳಿಕೊಡಲಿಲ್ಲ. ಎಲ್ಲರೂ ಕಾದರು.

"ಕಾಶಮ್ಮ," ಎಂದ ಅವನು ಕೊನೆಗೆ, ಹಾಳೆಯನ್ನು ಕೆಳಗಿಳಿಸಿ. "ಕಾಶಮ್ಮ ಪಟ್ಟಿ ಧರಿಸಿದ್ದರು."